ಆಲಿಸ್‌ಗೆ ಕತ್ತಿ ಕೊಟ್ಟವರು

ಲೂಯಿಸ್ ಕ್ಯಾರಲ್ 1865ರಲ್ಲಿ ಲೋಕಕ್ಕೆ ಕೊಟ್ಟ ಆಲಿಸ್‌ಳನ್ನು ನಾ. ಕಸ್ತೂರಿ ‘ಪಾತಾಳದಲ್ಲಿ ಪಾಪಚ್ಚಿ’ಯಾಗಿಸಿ ಕನ್ನಡಕ್ಕೆ ಕರೆತಂದರು. 2010ರಲ್ಲಿ ಡಿಸ್ನಿಯ ದುಡ್ಡಿನಲ್ಲಿ ಟಿಮ್ ಬರ್ಟನ್ ತೆಗೆದ ಚಿತ್ರದಲ್ಲಿ ಹೆಸರೇನೋ ಉಳಿಯಿತು, ಹುಡುಗಿಯೇ ನಾಪತ್ತೆ. ಅಲ್ಲಿರುವುದು ಕವಚ ತೊಟ್ಟು ರಾಕ್ಷಸನ ತಲೆ ಹಾರಿಸುವ ಹತ್ತೊಂಬತ್ತರ ಯುವತಿ. ಪುಸ್ತಕದ ಪುಟಾಣಿಯ ಆಯುಧ ಬಾಯಿ ಮಾತ್ರ: ತೀರ್ಪಿಗೆ ಮೊದಲೇ ಶಿಕ್ಷೆಯಾಗಲಿ ಎನ್ನುವ ಇಸ್ಪೀಟು ರಾಣಿಗೆ ಎದುರುತ್ತರ ಕೊಟ್ಟೇ ಇಡೀ ಕಟ್ಟನ್ನು ಚೆಲ್ಲಾಪಿಲ್ಲಿ ಮಾಡುತ್ತಾಳೆ.

ಬರೀ ಮಾತಿನಿಂದ ಸಿನಿಮಾ ಓಡೀತೇ ಎನ್ನುವವರು ಉಡುಪಿ, ಕಾಪು, ಕಾರ್ಕಳದ ಕಡೆ ಒಂದು ಯಕ್ಷಗಾನ ತಾಳಮದ್ದಳೆಗೆ ಬಂದು ಕೂರಲಿ. ವೇಷವಿಲ್ಲ, ಕುಣಿತವಿಲ್ಲ, ಪಂಚೆಯುಟ್ಟ ಅರ್ಥಧಾರಿ ಶಾಲು ಸರಿಮಾಡಿಕೊಂಡು ಕುಳಿತಲ್ಲೇ ವಾಲಿಯಾಗಿ ಮಾತಿನಲ್ಲೇ ರಾಮನ ಬೆವರಿಳಿಸುತ್ತಾರೆ. ಅವರೂ ಪ್ರಸಂಗವನ್ನು ಹಿಗ್ಗಿಸುತ್ತಾರಲ್ಲ ಎಂದರೆ, ಹೌದು ಸ್ವಾಮಿ, ಹಿಗ್ಗಿಸುತ್ತಾರೆ. ಆದರೆ ಹಿಗ್ಗಿದ ಮೇಲೂ ವಾಲಿ ವಾಲಿಯೇ. ಬರ್ಟನ್ ಚಿತ್ರ ನೂರು ಕೋಟಿ ಡಾಲರ್ ಮೀರಿ ಗಳಿಸಿತು, ಒಪ್ಪೋಣ. 2016ರ ಮುಂದಿನ ಭಾಗ ಮುಗ್ಗರಿಸಿತು, ಅದನ್ನೂ ಒಪ್ಪಬೇಕು. ಬರ್ಟನ್ ಚಿತ್ರದ ಕೊನೆಯಲ್ಲಿ ಆಲಿಸ್ ಚೀನಾ ವ್ಯಾಪಾರಕ್ಕೆಂದು ಹಡಗು ಹತ್ತುತ್ತಾಳೆ. ಮೊಲದ ಬಿಲಕ್ಕೆ ಬಿದ್ದವಳು ಮಣಿಪಾಲದಲ್ಲಿ ಎಂಬಿಎ ಮುಗಿಸಿಕೊಂಡೇ ಮೇಲೆದ್ದಂತಿದೆ!