ಕಂಬದೂರಿನ ಸೀನಿಯರ್ ಮೇಷ್ಟ್ರು

ಆಂಧ್ರದ ಕಂಬದೂರು ಕಡೆಯ ಯಾವ ಶಾಲೆಗೆ ಹೋದರೂ ಒಬ್ಬರು ಸೀನಿಯರ್ ಮೇಷ್ಟ್ರು ಇದ್ದೇ ಇರುತ್ತಾರೆ. ಇವರನ್ನು ಕೇಳದೆ ಹೆಡ್‌ಮಾಸ್ಟರು ಬೆಲ್ಲನ್ನೂ ಹೊಡೆಸುವುದಿಲ್ಲ. 2025ರಲ್ಲಿ ಆಂಧ್ರ ಸರ್ಕಾರ ಮೆಗಾ ಡಿಎಸ್ಸಿ ಎಂಬ ಶಿಕ್ಷಕರ ನೇಮಕಾತಿಗೆ 16,347 ಹುದ್ದೆ ಕರೆದಾಗ ಅಭ್ಯರ್ಥಿಗಳಿಗಿಂತ ಹೆಚ್ಚು ಹಿಗ್ಗಿದವರು ಇವರೇ. ಶಿಷ್ಯರು ಬರುತ್ತಾರಲ್ಲ!

ಹೊಸಬ ಬಸ್ಸಿಳಿದ ಕೂಡಲೇ ಮೊದಲ ಪ್ರಶ್ನೆ, "ಊಟ ಆಯ್ತೇನಪ್ಪಾ?" ಎರಡನೆಯದು, "ಮದುವೆ?" ಎರಡಕ್ಕೂ ಇಲ್ಲ ಎಂದನೋ, ಅವನ ಭಾರವೆಲ್ಲ ಇವರದು. ಬಾಡಿಗೆ ಮನೆ, ಕಲ್ಯಾಣದುರ್ಗದ ಬಸ್ಸಿನ ಹೊತ್ತು, ಸಾಲ ಕೊಡುವ ಅಂಗಡಿ, ಯೂನಿಯನ್ ರಸೀದಿ, ತಮ್ಮದೇ ಒಂದು ಚೀಟಿ, ಎಲ್ಲವೂ ಸಂಜೆಯೊಳಗೆ ಇತ್ಯರ್ಥ. ಭಾನುವಾರ ಮಲ್ಲೇಶ್ವರನ ಗುಡಿ ತೋರಿಸಿ, ಹಳೆಯ ನೊಳಂಬ ಅರಸರಿಗೆ ತಾವೇ ಪಾಠ ಹೇಳಿ ಕಳಿಸಿದವರಂತೆ ಚರಿತ್ರೆ ಒಪ್ಪಿಸುತ್ತಾರೆ.

ಪಾಠ ಮಾಡುವುದು ಹೇಗೆ ಎಂದು ಕೇಳಿದರೆ ಮಾತ್ರ ಮಹಾ ಜಿಪುಣ. "ಪುಸ್ತಕ ಮುಚ್ಚು, ಹುಡುಗರ ಮುಖ ನೋಡು." ಅಷ್ಟೇ.

ಆದರೆ ಆ ಮಾತಿನ ಅರ್ಥ ತಿಳಿಯುವುದು ತರಗತಿಯಲ್ಲಿ. ಕರ್ನಾಟಕದ ಪಾವಗಡದ ಸೀಮೆ ದೂರವಿಲ್ಲ. ಮನೆಯಲ್ಲಿ ಕನ್ನಡ ಆಡುವ ಹುಡುಗ ತೆಲುಗು ಪಾಠಕ್ಕೆ ಪಿಟ್ಟೆನ್ನದೆ ಕೂತಿದ್ದನ್ನು ಕಂಡು ಹೊಸಬ ಅವನನ್ನು ದಡ್ಡರ ಪಟ್ಟಿಗೆ ಸೇರಿಸಿರುತ್ತಾನೆ. ಮೇಷ್ಟ್ರು ಬಾಗಿಲಲ್ಲೇ ನಿಂತು ಕನ್ನಡದಲ್ಲಿ, "ಏನೋ, ನಿಮ್ಮ ಎಮ್ಮೆ ಈಯ್ತೇನೋ?" ಅನ್ನುತ್ತಾರೆ. ಆಮೇಲೆ ಆ ಹುಡುಗನ ಬಾಯಿ ಮುಚ್ಚಿಸುವುದೇ ಕಷ್ಟ. ಬಿ.ಎಡ್.ನಲ್ಲಿ ಇದನ್ನು ಹೇಳಿಕೊಟ್ಟಿರುವುದಿಲ್ಲ.

ಕಡಲೆಕಾಯಿ ಕೀಳುವ ದಿನಗಳಲ್ಲಿ ತರಗತಿ ಖಾಲಿಯಾದರೆ ಹೊಸಬ ಪೋಷಕರಿಗೆ ನೋಟೀಸು ಬರೆಯಲು ಕೂರುತ್ತಾನೆ. "ಬರೀಬೇಡಪ್ಪಾ, ಹೊಲಕ್ಕೆ ಹೋಗು. ಹುಡುಗರೂ ಬರ್ತಾರೆ, ಕಾಯೂ ಬರುತ್ತೆ." ಎರಡೂ ಬರುತ್ತವೆ; ಕಾಯಿ ಮೇಷ್ಟ್ರ ಮನೆಗೆ.

2022ರಲ್ಲಿ ಮೊಬೈಲಿಗೆ ಮುಖ ತೋರಿಸಿ ಹಾಜರಿ ಹಾಕುವ ಆ್ಯಪ್ ಬಂದದ್ದೇ ಬಂದದ್ದು, ಗುರುವಿನ ಗತ್ತು ಇಳಿಯಿತು. ದಿನಾ ಬೆಳಿಗ್ಗೆ ಶಿಷ್ಯನ ಮುಂದೆ ಫೋನು ಚಾಚಿ ನಿಲ್ಲುತ್ತಾರೆ: "ಲೇ, ಇದು ನನ್ನನ್ನ ನಾನೇ ಅಂತ ಒಪ್ತಾ ಇಲ್ವಲ್ಲೋ!" ಇಲಾಖೆಯ ಸಾಹೇಬರು ಬರುವ ದಿನ ಶಿಷ್ಯನ ಪಾಠಯೋಜನೆಯೇ ಇವರ ಮೇಜಿನ ಮೇಲಿರುತ್ತದೆ.

ಶಿಕ್ಷಕರಿಗೆ ಅನುಭವಿಗಳು ದಾರಿ ತೋರಿಸಲೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಂದು ರಾಷ್ಟ್ರೀಯ ಅಭಿಯಾನವನ್ನೇ ಸೂಚಿಸಿದೆ. ಮೇಷ್ಟ್ರು ಅದನ್ನು ಓದಿಲ್ಲ. ಓದಿ ಹೇಳು ಎಂದು ಹೊಸಬನ ಕೈಗೆ ಕೊಟ್ಟಿದ್ದಾರೆ.

ಆ ಕಡೆಗೆ ಪೋಸ್ಟಿಂಗ್ ಆದವರಿಗೆ ಒಂದು ಮಾತು: ಅವರು ತೋರಿಸಿದ ಮನೆ ಕಣ್ಣುಮುಚ್ಚಿ ಹಿಡಿಯಿರಿ, ಅವರ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಒಂದು ವಾರ ಕೂರಿರಿ. ಚೀಟಿಗೆ ಮಾತ್ರ ಸೇರಬೇಡಿ.