ಮೈನಸ್ 20 ಡಿಗ್ರಿಯಲ್ಲೂ ಉರಿಯುವ ಒಲೆಯವರಿಗೆ, ಚೆನ್ನೈಯಿಂದ

ಇವರಿಂದ:
ಚೆನ್ನೈಯ ಭಾನುವಾರದ ಗಾಳಗಾರರ ಮನೆಮಂದಿ

ಇವರಿಗೆ:
ಹಿಮದ ನಾಡಿನಲ್ಲಿ ಪರೀಕ್ಷೆ ಪಾಸಾದ ಪುಟ್ಟ ಗ್ಯಾಸ್ ಒಲೆಗಳ ತಯಾರಕ ಮಹಾಶಯರು

ವಿಷಯ: ಗಾಳ ಹಾಕಲು ಹೋಗುವವರು ಹೊತ್ತೊಯ್ಯುವ ಒಲೆಯ ಯೋಗ್ಯತೆ ಕುರಿತು ಬಿನ್ನಹ.

ಮಾನ್ಯರೇ,

ನಿಮ್ಮ ಒಲೆ ಮೈನಸ್ 20 ಡಿಗ್ರಿಯಲ್ಲೂ ಉರಿಯುತ್ತದೆ ಎಂದು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿದ್ದೀರಿ. ಚೆನ್ನೈಯಲ್ಲಿ ಕೊಡಬಹುದಾದ ಭರವಸೆಗಳಲ್ಲೆಲ್ಲ ಇದೇ ಅತ್ಯಂತ ಸುರಕ್ಷಿತವಾದದ್ದು. ಸುಳ್ಳೆಂದು ತೋರಿಸುವ ಅವಕಾಶ ಇಲ್ಲಿ ಯಾರಿಗೂ ಒದಗುವುದಿಲ್ಲ. ನಮ್ಮಲ್ಲಿ ಜನವರಿಯ ಬೆಳಗು 20 ಡಿಗ್ರಿಗೆ ಇಳಿದರೆ ಸಾಕು, ವಾಕಿಂಗ್ ಹೋಗುವ ಹಿರಿಯರು ಮಂಕಿ ಟೋಪಿ ಹಾಕಿಕೊಳ್ಳುತ್ತಾರೆ. 2003ರ ಮೇ 31ರಂದು ಇದೇ ಊರು 45 ಡಿಗ್ರಿ ಕಂಡಿದೆ. ಆ ದಿನ ನಿಮ್ಮ ಒಲೆ ಏನು ಮಾಡುತ್ತಿತ್ತು ಎಂಬ ಬಗ್ಗೆ ಡಬ್ಬದ ಮೇಲೆ ಒಂದು ಮಾತೂ ಇಲ್ಲ.

ಆದರೂ ನಮ್ಮವರು ಅದನ್ನೇ ಕೊಂಡರು. ನಮ್ಮವರು ಉಡುಪಿ ಕಡೆಯವರು. ವಾರವಿಡೀ ಓಎಂಆರ್ ರಸ್ತೆಯ ಕಂಪ್ಯೂಟರ್ ಕಂಪನಿಯಲ್ಲಿ ದುಡಿದು, ಭಾನುವಾರ ಮುಟ್ಟುಕಾಡಿನ ಹಿನ್ನೀರಿಗೋ ಕೋವಳಂ ಕಡೆಗೋ ಗಾಳ ಹೊತ್ತು ಹೊರಡುತ್ತಾರೆ. ಹಿಡಿದ ಕಾಣೆ ಮೀನನ್ನು ಅಲ್ಲೇ ರವೆ ಹಚ್ಚಿ ಹುರಿದು ತಿನ್ನಬೇಕೆಂಬುದು ಅವರ ಆಸೆ.

ಅಂಗಡಿಯವ ಮೂರು ಬಗೆಯ ಅನಿಲ ಬೆರೆಸಿದ ಡಬ್ಬಿಯನ್ನು ಹೊಗಳಿದ. ಆ ಬೆರಕೆಗೆ ಕಾರಣವಿದೆ. ಬ್ಯುಟೇನ್ ಸುಮಾರು ಸೊನ್ನೆ ಡಿಗ್ರಿಗಿಂತ ಕೆಳಗೆ ದ್ರವವಾಗಿಯೇ ಕುಳಿತುಬಿಡುತ್ತದೆ, ಬರ್ನರ್‌ಗೆ ಏರುವುದಿಲ್ಲ. ಐಸೋಬ್ಯುಟೇನ್ ಮೈನಸ್ 12ರ ತನಕ, ಪ್ರೊಪೇನ್ ಮೈನಸ್ 42ರ ತನಕ ಆವಿಯಾಗುತ್ತವೆ. ಹಿಮಾಲಯಕ್ಕೆ ಹೋಗುವವರಿಗೆ ಈ ಬೆರಕೆ ಬೇಕೇ ಬೇಕು. ಮುಟ್ಟುಕಾಡಿಗೆ ಹೋಗುವವರಿಗೆ ಬರಿಯ ಬ್ಯುಟೇನ್ ಧಾರಾಳವಾಯಿತು. ಬರಲಾರದ ಚಳಿಗೆಂದು ನಾವು ಹೆಚ್ಚು ದುಡ್ಡು ತೆತ್ತಿದ್ದೇವೆ.

ಇನ್ನು ನೀರು ಕುದಿಸುವ ವೇಗ. ಲೀಟರ್ ನೀರು ಕೆಲವೇ ನಿಮಿಷದಲ್ಲಿ ಕುದಿಯುತ್ತದೆ ಎನ್ನುತ್ತೀರಿ. ನಿಮ್ಮ ತೊರೆಯ ನೀರು 5 ಡಿಗ್ರಿಯಿಂದ ಹೊರಟು 95 ಡಿಗ್ರಿ ಏರಬೇಕು. ಮೇ ತಿಂಗಳಲ್ಲಿ ನಮ್ಮ ಮಹಡಿಯ ಟ್ಯಾಂಕಿನ ನೀರು 35ಕ್ಕೇ ಸಿದ್ಧವಾಗಿ ನಿಂತಿರುತ್ತದೆ. ಮೂರನೇ ಒಂದು ಪಾಲು ಕೆಲಸವನ್ನು ಸೂರ್ಯನೇ ಮಾಡಿಕೊಟ್ಟಿರುತ್ತಾನೆ, ಅದೂ ಸಬ್ಸಿಡಿ ಕೇಳದೆ. ಅಷ್ಟಕ್ಕೂ ಮೀನು ಹಿಡಿಯಲು ಹೋದವರಿಗೆ ಕುದಿಯುವ ನೀರು ಯಾಕೆ? ನೀವು ಒಣಗಿಸಿದ ಪೊಟ್ಟಣದ ಊಟಕ್ಕೆ ಬಿಸಿನೀರು ಸುರಿದು ಅಡುಗೆಯಾಯಿತು ಎನ್ನುವವರು. ನಮ್ಮವರಿಗೆ ಅಗಲವಾದ ಕಾವಲಿ ಬೇಕು, ಸಣ್ಣ ಉರಿ ಬೇಕು. ನಿಮ್ಮ ಒಲೆಯ ಜ್ವಾಲೆ ಕಾವಲಿಯ ನಟ್ಟನಡುವೆ ಮಾತ್ರ ಏಳುತ್ತದೆ. ಕಾಣೆಯ ಹೊಟ್ಟೆ ಕರಕಲಾದಾಗ ತಲೆ, ಬಾಲ ಇನ್ನೂ ಹಸಿಯಾಗಿಯೇ ಇರುತ್ತವೆ.

ಗಾಳಿಯ ವಿಚಾರಕ್ಕೆ ಬರೋಣ. ನೀವು ಪರೀಕ್ಷೆ ಮಾಡಿದ್ದು ನಾಲ್ಕು ಗೋಡೆಯ ಒಳಗೆ. ಚೆನ್ನೈಯ ಕಡಲಗಾಳಿ ಬೇಸಿಗೆಯಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತಿಗೆ ಬೀಸತೊಡಗುತ್ತದೆ. ಇಡೀ ಊರು ಅದಕ್ಕಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತದೆ, ನಿಮ್ಮ ಒಲೆಯೊಂದರ ಹೊರತು. ಉರಿ ಆರದಿರಲೆಂದು ನಮ್ಮವರು ಸುತ್ತಲೂ ತಗಡು ನಿಲ್ಲಿಸಿದರು. ಆಗ ಕಾವೆಲ್ಲ ಬರ್ನರ್ ಕೆಳಗಿನ ಡಬ್ಬಿಗೆ ಹೊಡೆಯುತ್ತದೆ. ಅಗಲ ಕಾವಲಿಯಿಟ್ಟರೂ ಅದೇ ಗತಿ. ಆ ಡಬ್ಬಿಯನ್ನು 50 ಡಿಗ್ರಿ ಮೀರಿದ ಶಾಖದಲ್ಲಿ ಇಡಬಾರದೆಂದು ಇರುವೆ ಓದುವಂಥ ಅಕ್ಷರದಲ್ಲಿ ನೀವೇ ಅಚ್ಚು ಹಾಕಿದ್ದೀರಿ. ಈಸಿಆರ್ ರಸ್ತೆಯ ಬದಿಯಲ್ಲಿ ಮೇ ತಿಂಗಳ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ 50 ಡಿಗ್ರಿ ಎಂಬುದು ದೊಡ್ಡ ಸಂಗತಿಯಲ್ಲ. ಮೈನಸ್ 20ನ್ನು ದಪ್ಪಕ್ಷರದಲ್ಲೂ 50ನ್ನು ಸಣ್ಣಕ್ಷರದಲ್ಲೂ ಹಾಕಿದಿರಲ್ಲ, ನಮ್ಮ ಊರಿಗೆ ಕಳಿಸುವ ಡಬ್ಬದಲ್ಲಾದರೂ ಇದನ್ನು ಅದಲುಬದಲು ಮಾಡಬಾರದೇ?

ಕಾರಿಲ್ಲದವರ ಪಾಡು ಬೇರೆ. ಪಳವೇರ್ಕಾಡು ಸರೋವರಕ್ಕೆ ಹೋಗುವವರು ಲೋಕಲ್ ರೈಲಿನಲ್ಲಿ ಪೊನ್ನೇರಿಗೆ ಹೋಗಿ ಅಲ್ಲಿಂದ ಬಸ್ಸು ಹಿಡಿಯುತ್ತಾರೆ. ರೈಲಿನಲ್ಲಿ ಗ್ಯಾಸ್ ಒಯ್ಯುವಂತಿಲ್ಲ. 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದು ನಗುವ ಮಾತಲ್ಲ. 2023ರ ಆಗಸ್ಟ್‌ನಲ್ಲಿ ಮಧುರೈ ನಿಲ್ದಾಣದ ಬಳಿ ನಿಂತಿದ್ದ ಪ್ರವಾಸಿಗರ ಬೋಗಿಯೊಳಗೆ ಕದ್ದು ತಂದ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಜನ ತೀರಿಕೊಂಡರು. "ಎಲ್ಲಿಗೂ ಒಯ್ಯಬಹುದು" ಎಂದು ಡಬ್ಬದ ಮೇಲೆ ಬರೆಯುವಾಗ ಈ ದೇಶದಲ್ಲಿ ರೈಲು ಓಡುತ್ತದೆಂಬುದು ನಿಮ್ಮ ನೆನಪಿನಲ್ಲಿರಲಿ.

ನಿಮ್ಮ ಒಲೆಗೆ ಪರ್ಯಾಯವಿಲ್ಲ ಎಂದುಕೊಳ್ಳಬೇಡಿ. 2013ರಲ್ಲಿ, ಕನ್ನಡದಲ್ಲಿ ರಾಮಾಯಣ ಮಹಾಕಾವ್ಯ ಬರೆದ ವೀರಪ್ಪ ಮೊಯ್ಲಿಯವರು ಪೆಟ್ರೋಲಿಯಂ ಸಚಿವರಾಗಿದ್ದಾಗ, ಪೆಟ್ರೋಲ್ ಬಂಕ್‌ಗಳಲ್ಲಿ 5 ಕಿಲೋ ಸಿಲಿಂಡರ್ ಮಾರಾಟ ಶುರುವಾಯಿತು. 2020ರಲ್ಲಿ ಇಂಡೇನ್‌ನವರು ಅದಕ್ಕೆ 'ಛೋಟು' ಎಂದು ನಾಮಕರಣ ಮಾಡಿದರು. ವಿಳಾಸದ ಪುರಾವೆ ಕೇಳುವುದಿಲ್ಲ, ಗುರುತಿನ ಚೀಟಿ ತೋರಿಸಿದರಾಯಿತು. ಅದಕ್ಕೆ ಜೋಡಿಸಿದ ಒಲೆ ಗಾಳಿಗೆ ಹೆದರುವ ಜಾತಿಯಲ್ಲ, ಕಾವಲಿಯನ್ನೂ ಹೊರುತ್ತದೆ. ದೋಷ ಒಂದೇ: ತುಂಬಿದ ಛೋಟುವನ್ನು ಮರಳಿನ ಮೇಲೆ ಹೊತ್ತು ನಡೆದವರು ಆಮೇಲೆ ಗಾಳ ಎಸೆಯುವ ಸ್ಥಿತಿಯಲ್ಲಿ ಇರುವುದಿಲ್ಲ.

ಮೀನುಗಾರಿಕೆಯನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡವರು ಏನು ಮಾಡುತ್ತಾರೆಂದು ನೀವು ಯಾವತ್ತಾದರೂ ಕೇಳಿದ್ದೀರಾ? ನಮ್ಮೂರಿನ ಕಾಸಿಮೇಡು ಮೀನು ಬಂದರಿನಿಂದ ದಿನಗಟ್ಟಲೆ ಕಡಲಿಗೆ ಹೋಗುವ ದೊಡ್ಡ ದೋಣಿಗಳಲ್ಲಿ ಸಿಲಿಂಡರ್, ಅಕ್ಕಿ, ಹುಣಸೆಹಣ್ಣು ಇರುತ್ತವೆ, ಅಡುಗೆಗೆಂದೇ ಒಬ್ಬರು ಇರುತ್ತಾರೆ. ಬೆಳಗಿನ ಜಾವ ಹೋಗಿ ಬರುವ ಸಣ್ಣ ದೋಣಿಯವರಿಗೆ ಪಳಯ ಸೋರು ಇದೆ. ನಮ್ಮ ತಂಗಳನ್ನವೇ ಅದು. ರಾತ್ರಿ ನೀರು ಹಾಕಿಟ್ಟ ಅನ್ನ, ಜೊತೆಗೆ ಈರುಳ್ಳಿ, ಹಸಿಮೆಣಸು. ತೂಕ ಒಂದು ಬುತ್ತಿಪಾತ್ರೆಯಷ್ಟು. ಗಾಳಿಗೆ ಆರುವುದಿಲ್ಲ, ಬಿಸಿಲಿಗೆ ಸಿಡಿಯುವುದಿಲ್ಲ, ರೈಲಿನಲ್ಲಿ ಯಾರೂ ಹಿಡಿಯುವುದಿಲ್ಲ. ಇಷ್ಟು ಗುಣವುಳ್ಳ ಒಲೆಯನ್ನು ನೀವು ಇನ್ನೂ ಕಂಡುಹಿಡಿಯಬೇಕಾಗಿದೆ.

ಆದ ಕಾರಣ ನಮ್ಮ ಬೇಡಿಕೆಗಳು ಹೀಗಿವೆ:

ಒಂದು, ಚೆನ್ನೈಗೆ ಮಾರುವ ಒಲೆಯನ್ನು ಮೇ ತಿಂಗಳಲ್ಲಿ, ಮಧ್ಯಾಹ್ನ ಮೂರಕ್ಕೆ, ಮುಟ್ಟುಕಾಡಿನ ದಂಡೆಯ ಮೇಲೆ ಪರೀಕ್ಷಿಸತಕ್ಕದ್ದು.

ಎರಡು, ಪರೀಕ್ಷೆಯ ವಸ್ತು ನೀರಾಗಿರದೆ, ರವೆ ಹಚ್ಚಿದ ಎರಡು ಕಾಣೆ ಮೀನಾಗಿರತಕ್ಕದ್ದು.

ಮೂರು, ಪರೀಕ್ಷಕರು ಊಟ ಮುಗಿಸಿ ಎಣ್ಣೆ ಮೆತ್ತಿದ ಕಾವಲಿಯನ್ನು ತಾವೇ ತಿಕ್ಕಿಟ್ಟು ಹೋಗತಕ್ಕದ್ದು. ಈ ಷರತ್ತಿನಲ್ಲಿ ರಿಯಾಯಿತಿ ಇಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಗಾಳಗಾರರ ಮನೆಮಂದಿ, ಚೆನ್ನೈ

ಪ್ರತಿ: ನಮ್ಮ ಭಾನುವಾರದ ಗಾಳಗಾರರ ಅವಗಾಹನೆಗೆ.

ಒಲೆ ಕೊಳ್ಳಲೇಬೇಕೆಂದಿದ್ದರೆ ಎತ್ತರದ್ದು ಬೇಡ. ನೆಲಕ್ಕೆ ಕುಳಿತು, ಡಬ್ಬಿ ಪಕ್ಕದಲ್ಲಿ ಮಲಗುವ ಚಪ್ಪಟೆ ಬ್ಯುಟೇನ್ ಒಲೆ ಸಾಕು. ಒತ್ತಡ ಏರಿದರೆ ಡಬ್ಬಿಯ ಕೊಂಡಿ ತಾನೇ ಕಳಚುವಂಥದ್ದನ್ನು ಆರಿಸಿ. ಗಾಳಿ ಬರುವ ಬದಿಗೆ ಮಾತ್ರ ಮರೆ ಕಟ್ಟಿ. ಡಬ್ಬಿಯನ್ನು ಕಾರಿನಲ್ಲಿ ಬಿಟ್ಟು ಹೋಗಬೇಡಿ. ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ, ಮೀನಿನ ಸಂತತಿ ಹೆಚ್ಚಲೆಂದು ಈ ಕರಾವಳಿಯಲ್ಲಿ ಯಂತ್ರದ ದೋಣಿಗಳಿಗೆ ನಿಷೇಧವಿದೆ. ನಿಮ್ಮ ಗಾಳಕ್ಕೆ ಆ ನಿಷೇಧವಿಲ್ಲ. ಅದರಿಂದ ಮೀನಿನ ಸಂತತಿಗೆ ಇದುವರೆಗೆ ಯಾವ ಧಕ್ಕೆಯೂ ಆಗಿಲ್ಲವೆಂದು ನಾವು ಎಲ್ಲಿ ಬೇಕಾದರೂ ಸಾಕ್ಷಿ ಹೇಳಲು ಸಿದ್ಧ. ಅಟ್ಟದ ಮೇಲೆ ಈಗಾಗಲೇ ಇರುವ ಒಲೆಗಳಿಗೆ ಕೆಲಸ ಕೊಡುವಷ್ಟು ಮೀನು ಮೊದಲು ಮನೆಗೆ ಬರಲಿ. ಮುಂದಿನ ಒಲೆಯ ಕಡತವನ್ನು ಆಮೇಲೆ ಪರಿಶೀಲಿಸಲಾಗುವುದು.