ಕ್ಯಾಲ್ಕು ಅಣ್ಣನ ಹದಿನೈದು ಬಣ್ಣ

ದೊಡ್ಡಬಳ್ಳಾಪುರದಲ್ಲಿ ಕ್ಯಾಲ್ಕುಲೇಟರ್ ಇಲ್ಲದ ಗಲ್ಲಾ ಇಲ್ಲ. ನೂಲಿನಂಗಡಿಯಲ್ಲಿರಲಿ, ಸೀರೆ ಸಾಹುಕಾರರ ಮೇಜಿನ ಮೇಲಿರಲಿ, ದಪ್ಪ ಗುಂಡಿಯ ಆ ಪೆಟ್ಟಿಗೆಯನ್ನು ಎಲ್ಲರೂ ಕೇಳುವುದು ಒಂದೇ: ಕೂಲಿ ಎಷ್ಟಾಯಿತು, ಬಾಕಿ ಎಷ್ಟು ಉಳಿಯಿತು. ಕ್ಯಾಲ್ಕು ಅಣ್ಣನ ಕ್ಯಾಲ್ಕುಲೇಟರಿಗೆ ಮಾತ್ರ ಈ ಪ್ರಶ್ನೆ ಕೇಳುವಂತಿಲ್ಲ. ಕೇಳಿದರೆ ಅವನ ಮುಖ ಸಣ್ಣಗಾಗುತ್ತದೆ.

ಅವನ ಅಸಲು ಹೆಸರು ರೇಷನ್ ಕಾರ್ಡಿನಲ್ಲಿದೆ, ಬೇರೆಲ್ಲೂ ಬಳಕೆಯಲ್ಲಿಲ್ಲ. ಹಗಲು ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿ, ಸಂಜೆ ಮನೆಯ ಕೆಳಗಿನ ಶೆಡ್ಡಿನಲ್ಲಿ ಅಪ್ಪನ ನಾಲ್ಕು ಮಗ್ಗಗಳ ಗದ್ದಲ, ರಾತ್ರಿ ಊಟವಾದ ಮೇಲೆ ಮಹಡಿಯಲ್ಲಿ 320 ಚುಕ್ಕಿ ಅಗಲ, 240 ಚುಕ್ಕಿ ಎತ್ತರದ ಬಣ್ಣದ ಪರದೆ. ಗ್ರಾಫ್ ಬರೆಯುವ ಆ ಕ್ಯಾಲ್ಕುಲೇಟರಿನ ಹೆಸರು ಟಿಐ-84 ಪ್ಲಸ್ ಸಿಇ. ಮಾರುಕಟ್ಟೆಗೆ ಬಂದದ್ದು 2015ರಲ್ಲಿ. ನಮ್ಮ ಬೀದಿಗೆ ಮಾತ್ರ ಇನ್ನೂ ಹೊಸದು.

ಮಾಡಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲೇ ಬೆಂಗಳೂರಿಗೆ ಬಂದು ಕೂತಿದೆ. ನಮ್ಮೂರಿಂದ ಬಸ್ಸು ಹತ್ತಿ ಹೋದರೆ ಸಂಜೆಯೊಳಗೆ ವಾಪಸ್ ಬರುವಷ್ಟು ದೂರ. ಕ್ಯಾಲ್ಕುಲೇಟರ್ ಬಂದದ್ದು ಮಾತ್ರ ಡಲ್ಲಾಸಿನಿಂದ, ಅಕ್ಕನ ಸೂಟ್‌ಕೇಸಿನಲ್ಲಿ, ಬಾದಾಮಿ ಪೊಟ್ಟಣ ಮತ್ತು ಮಂಡಿನೋವಿನ ಮುಲಾಮಿನ ನಡುವೆ. ಅಕ್ಕನ ಮಗಳಿಗೆ ಶಾಲೆಗೆಂದು ಕೊಡಿಸಿದ್ದರು. ಆಮೇಲೆ ಅಲ್ಲಿಯ ಕಾಲೇಜು ಪ್ರವೇಶದ ಸ್ಯಾಟ್ ಪರೀಕ್ಷೆ 2024ರಿಂದ ಪೂರ್ತಿ ಕಂಪ್ಯೂಟರಿನಲ್ಲೇ ನಡೆಯತೊಡಗಿ, ಗ್ರಾಫ್ ಬರೆಯುವ ಡೆಸ್ಮಾಸ್ ಪರದೆಯೊಳಗೇ ಸಿಗುವಂತಾಯಿತು. ಅವಳಿಗೆ ಕೈಯಲ್ಲಿನ ಯಂತ್ರ ಬೇಡವಾಯಿತು. "ಮಾಮ, ನಿಂಗೆ ಬೇಕಾ?" ಎಂದಳು ಹುಡುಗಿ. ಮಾಮ ಅಂದು ರಾತ್ರಿ ಊಟ ಮಾಡಿದನೋ ಇಲ್ಲವೋ ಅವನ ಹೆಂಡತಿಗೂ ನೆನಪಿಲ್ಲ.

ಇಲ್ಲಿ ಅದರಿಂದ ಏನು ಉಪಯೋಗ ಎಂದು ಕೇಳಬೇಡಿ. ಊರೆಲ್ಲ ಕೇಳಿಯಾಗಿದೆ. ಸಿಇಟಿಗೆ ಯಾವ ಕ್ಯಾಲ್ಕುಲೇಟರನ್ನೂ ಬಿಡುವುದಿಲ್ಲ. ಗೇಟ್ ಪರೀಕ್ಷೆಯಲ್ಲಿ ಪರದೆಯ ಮೇಲೆ ಅವರೇ ಒಂದನ್ನು ಕೊಡುತ್ತಾರೆ. ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರೋಗ್ರಾಂ ಬರೆಯಬಹುದಾದ ಯಂತ್ರ ಕಂಡರೆ ಬಾಗಿಲಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ. ಕ್ಯಾಲ್ಕು ಅಣ್ಣ ಇದನ್ನೆಲ್ಲ ಹೆಮ್ಮೆಯಿಂದಲೇ ಹೇಳುತ್ತಾನೆ. ಪರೀಕ್ಷೆಯವರು ಹೆದರುವ ವಸ್ತು ತನ್ನ ಜೇಬಿನಲ್ಲಿದೆ ಎಂಬುದು ಅವನಿಗೆ ಸಣ್ಣ ಸಂಗತಿಯಲ್ಲ.

ಮನೆಗೆ ಯಾರೇ ಬರಲಿ, ಮೊದಲು ಕಾಫಿ, ಆಮೇಲೆ ಪ್ರದರ್ಶನ. ರೇಷ್ಮೆ ಚೂರಿನಿಂದ ಪರದೆ ಒರೆಸಿ, "ಯಾವ್ದಾದ್ರೂ ಗುಂಡಿ ಒತ್ತಿ ಅಣ್ಣ" ಎನ್ನುತ್ತಾನೆ. ಒತ್ತಿದರೆ, "ಅಯ್ಯೋ, ಅದಲ್ಲ!" ಎಂದು ಕಿತ್ತುಕೊಳ್ಳುತ್ತಾನೆ. ಆಮೇಲೆ ಅದರ ಮಡಿ-ಮೈಲಿಗೆಯ ಪಾಠ. ಪರದೆಯ ಮೇಲೆ ಏನಾದರೂ ತೋರಿಸಲು 'ಡಿಸ್ಪ್' ಎಂಬ ಆಜ್ಞೆಯಿದೆ. ಅದನ್ನು ನಾವೇ ಒಂದೊಂದು ಅಕ್ಷರ ಒತ್ತಿ ಬರೆದರೆ ನಡೆಯುವುದಿಲ್ಲ. ಯಂತ್ರ ಅದನ್ನು ಡಿ ಇಂಟು ಐ ಇಂಟು ಎಸ್ ಇಂಟು ಪಿ ಎಂದು ಗುಣಾಕಾರ ಮಾಡಲು ಹೊರಡುತ್ತದೆ. ಮೆನು ತೆರೆದು, ಅಲ್ಲಿ ಸಿದ್ಧವಾಗಿರುವ ಅದೇ ಪದವನ್ನು ಆರಿಸಿ ತಂದಿಟ್ಟರೆ ಮಾತ್ರ ಒಪ್ಪಿಗೆ. ತಾಲ್ಲೂಕು ಕಚೇರಿಯಲ್ಲಿ ವಿಷಯ ಎಷ್ಟೇ ಸರಿಯಿದ್ದರೂ ಅವರ ಫಾರಮ್ಮಿನಲ್ಲೇ ಬರೆದಿರಬೇಕಲ್ಲ, ಹಾಗೆ. ತಪ್ಪಿದರೆ 'ಸಿಂಟ್ಯಾಕ್ಸ್ ಎರರ್' ಎಂದು ತೋರಿಸಿ, ಬಿಟ್ಟು ಹೋಗುತ್ತೀಯೋ, ತಪ್ಪಿದ ಜಾಗಕ್ಕೆ ಹೋಗುತ್ತೀಯೋ ಎಂದು ಕೇಳುತ್ತದೆ. "ಇಷ್ಟು ಮರ್ಯಾದೆಯಾಗಿ ನಮ್ಮ ಫ್ಯಾಕ್ಟರಿ ಸೂಪರ್‌ವೈಸರ್ ಯಾವತ್ತಾದ್ರೂ ಕೇಳಿದಾನಾ?" ಎನ್ನುವುದು ಅವನ ವಾದ.

ಪರದೆಗೆ 65,536 ಬಣ್ಣ ತೋರಿಸುವ ಶಕ್ತಿಯಿದೆ. ಬೇಸಿಕ್ ಭಾಷೆಯಲ್ಲಿ ಬರೆಯುವವನ ಕೈಗೆ ಸಿಗುವುದು 15 ಮಾತ್ರ, ಅದರಲ್ಲೂ ನಾಲ್ಕು ಬೂದಿ. ಅಮ್ಮನಿಗೆ ಇದು ಅರ್ಥವಾಗಿಲ್ಲ. "ಕನಕಾಂಬರ ಇಲ್ಲ, ಆನಂದ ಬ್ಲೂ ಇಲ್ಲ, ಗಿಳಿಹಸಿರು ಇಲ್ಲ. ನಾಲ್ಕು ಥರದ ಬೂದಿ ಇಟ್ಕೊಂಡು ಯಾವ ಮದುವೆ ಮಾಡ್ತಾರೋ?" ಎಂದು ಕೇಳಿದ್ದಾರೆ. ಬಣ್ಣಗಳಿಗೆ ಅದರಲ್ಲಿ 10ರಿಂದ 24ರವರೆಗೆ ನಂಬರು. ಅಭ್ಯಾಸ ಎಷ್ಟು ಕೆಟ್ಟಿದೆಯೆಂದರೆ, ಹೆಂಡತಿಯ ಜೊತೆ ಸೀರೆ ಅಂಗಡಿಯಲ್ಲಿ ಕೂತು "ಆ 13 ತೆಗೀರಿ, 14ರ ಅಂಚಿರೋದು" ಎಂದ. ಅಂಗಡಿಯವನು 1,300 ರೂಪಾಯಿಯ ಸೀರೆ ತೆಗೆದು ಹರಡಿದ. ಆಕೆ ಕೇಳಿದ್ದು ಕಾಂಚೀಪುರಂ.

ಇನ್ನು ಹಾವಿನ ಆಟ. ಹಣ್ಣು ತಿಂದು ತಿಂದು ಉದ್ದವಾಗುವ ಹಾವು ಕೊನೆಗೆ ತನ್ನ ಬಾಲ ತಾನೇ ಕಚ್ಚಿ ಸಾಯುವ ಹಳೇ ಆಟವನ್ನು ಅವನು ಹಸಿರು, ಕೆಂಪು ಚುಕ್ಕಿಗಳಲ್ಲಿ ಬರೆದು ಮುಗಿಸಿದ. ಅಜ್ಜಿ ಕನ್ನಡಕ ಏರಿಸಿ ನೋಡಿದರು. "ಘಾಟಿ ಸುಬ್ರಹ್ಮಣ್ಯ ಇಲ್ಲೇ ಪಕ್ಕದಲ್ಲಿ ಕೂತಿದಾನೆ. ಜನ ಎಲ್ಲೆಲ್ಲಿಂದಲೋ ಬಂದು ನಾಗರ ಪ್ರತಿಷ್ಠೆ ಮಾಡಿಸ್ತಾರೆ. ನೀನು ದಿನಾ ರಾತ್ರಿ ಹಾವು ಸಾಯಿಸ್ತಾ ಕೂತಿದೀಯಾ?" ಮಾರನೆಯ ದಿನ ಪ್ರೋಗ್ರಾಂ ಬದಲಾಯಿತು. ಈಗ ಹಾವು ಸಾಯುವುದಿಲ್ಲ. ಬಾಲಕ್ಕೆ ಬಾಯಿ ತಾಗಿದೊಡನೆ ಕಂದು ಬಣ್ಣದ, ಅಂದರೆ 16ನೇ ನಂಬರಿನ, ಹುತ್ತವೊಂದು ಮೂಡಿ ಹಾವು ಒಳಗೆ ಹೋಗುತ್ತದೆ. ಆಟ ಮುಗಿಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ ಎನ್ನುವುದೊಂದೇ ತೊಂದರೆ.

ಅವನ ಕಷ್ಟಗಳೂ ಇವೆ. ಚಾರ್ಜಿಗೆ ಬೇಕಾದದ್ದು ಮಿನಿ ಯುಎಸ್‌ಬಿ ಕೇಬಲ್. ಬಸ್ ಸ್ಟ್ಯಾಂಡ್ ಸುತ್ತಿನ ಮೊಬೈಲ್ ಅಂಗಡಿಗಳಲ್ಲಿ ಹುಡುಗರು ಮೈಕ್ರೋ ಕೊಡುತ್ತಾರೆ, ಟೈಪ್ ಸಿ ಕೊಡುತ್ತಾರೆ, ಕೊನೆಗೆ ಸಲಹೆ ಕೊಡುತ್ತಾರೆ: "ಫೋನಲ್ಲೇ ಕ್ಯಾಲ್ಕುಲೇಟರ್ ಇದೆಯಲ್ಲ ಅಂಕಲ್." ಯಂತ್ರವನ್ನು ಕಂಪ್ಯೂಟರಿಗೆ ಸೋಕಿಸಲೂ ಭಯ. 2020ರಲ್ಲಿ ಕಂಪನಿ ಹೊಸ ಅಪ್‌ಡೇಟಿನಲ್ಲಿ ಅಸೆಂಬ್ಲಿ, ಸಿ ಭಾಷೆಯ ಪ್ರೋಗ್ರಾಂಗಳಿಗೆ ಬೀಗ ಹಾಕಿತು. ಪರೀಕ್ಷೆಯಲ್ಲಿ ಕಾಪಿ ಹೊಡೆಯದಿರಲಿ ಎಂಬ ಉದ್ದೇಶ. ಅಕ್ಕನ ಮಗಳು ಸೋಮಾರಿ, ಅಪ್‌ಡೇಟ್ ಮಾಡಿರಲಿಲ್ಲ. ಆ ಸೋಮಾರಿತನವನ್ನು ಅವನು ತನ್ನ ಪೂರ್ವಜನ್ಮದ ಪುಣ್ಯಕ್ಕೆ ಜಮಾ ಮಾಡಿಕೊಂಡಿದ್ದಾನೆ.

ಅಪ್ಪನಿಗೆ ಒಪ್ಪಿಸಲೆಂದು ಒಮ್ಮೆ ಇತಿಹಾಸವನ್ನೇ ಎಳೆದು ತಂದ. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ತೂತಿನ ಕಾರ್ಡು ಹಾಕಿ ಮಗ್ಗ ಓಡಿಸಿದ. ಆ ಕಾರ್ಡನ್ನೇ ನೋಡಿ ಇಂಗ್ಲೆಂಡಿನ ಬ್ಯಾಬೇಜ್ ಲೆಕ್ಕದ ಯಂತ್ರಕ್ಕೆ ಅಳವಡಿಸಲು ಹೊರಟ. 1843ರಲ್ಲಿ ಏಡಾ ಲವ್‌ಲೇಸ್ ಆ ಯಂತ್ರದ ಬಗ್ಗೆ ಟಿಪ್ಪಣಿ ಬರೆದಳು. "ಅಂದ್ರೆ ಕಂಪ್ಯೂಟರ್ ಹುಟ್ಟಿದ್ದೇ ನಮ್ಮ ಶೆಡ್ಡಲ್ಲಿ ಅಪ್ಪಾ!" ಅಪ್ಪ ಕಿತ್ತುಹೋದ ಎಳೆಯನ್ನು ಗಂಟು ಹಾಕುತ್ತಲೇ, "ಸರಿ, ಬೆಂಗಳೂರಲ್ಲಿ ಸಾಫ್ಟ್‌ವೇರ್‌ನವರು ಸಿಕ್ಕಿದ್ರೆ ಬಾಡಿಗೆ ಕೇಳು" ಎಂದರು.

ಈಚೆಗೆ ನಿಜವಾದ ಸಂಕಟ ಬಂತು. ಅವನೊಂದು ಮಾವಿನಕಾಯಿ ಬುಟ್ಟಾ ಬರೆಸುವ ಪ್ರೋಗ್ರಾಂ ಮಾಡಿದ್ದ. ಚಿತ್ರಕ್ಕೆ ಸಿಗುವ ಜಾಗದಲ್ಲಿ ಅಡ್ಡ 265, ಉದ್ದ 165 ಚುಕ್ಕಿ, ಒಟ್ಟು 43,725. ಬೇಸಿಕ್ ನಿಧಾನ, ಚುಕ್ಕಿಗೆ ಚುಕ್ಕಿ ಸೇರಿ ಮಾವು ಮೂಡುವಷ್ಟರಲ್ಲಿ ನೋಡುವವರ ಎರಡನೇ ಕಾಫಿಯೂ ಮುಗಿಯುತ್ತದೆ. ನೂಲು ಕೊಡುವ ಸಾಹುಕಾರರು ಕೂಲಿ ಲೆಕ್ಕಕ್ಕೆ ಬಂದವರು ಅದನ್ನು ಕಂಡರು. ಗ್ರಾಫ್ ಶೀಟಿನಲ್ಲಿ ಡಿಸೈನ್ ನೋಡಿ ನೋಡಿ ಪಳಗಿದ ಕಣ್ಣು. "ಚೆನ್ನಾಗಿದೆಯಲ್ಲಪ್ಪ! ಇದನ್ನ ಸೆರಗಿಗೆ ಹಾಕೋಣ. ಮಾವಿನಕಾಯಿ ಸ್ವಲ್ಪ ದಪ್ಪ ಮಾಡು, ಬೂದಿ ತೆಗಿ, ಭಾನುವಾರದೊಳಗೆ ಮೂರು ಥರ ಕೊಡು. ಕಾಸು ಕೊಡ್ತೀನಿ."

ಇಷ್ಟು ಕಾಲ 'ಏನು ಉಪಯೋಗ' ಎಂದವರೆಲ್ಲ ಬಾಯಿ ಮುಚ್ಚುವ ಗಳಿಗೆ ಅದು. ಕ್ಯಾಲ್ಕು ಅಣ್ಣ ಬೆವರಿದ. ಬ್ಯಾಟರಿ ವೀಕು ಎಂದ, ಕೇಬಲ್ ಇಲ್ಲ ಎಂದ, ಪ್ರೋಗ್ರಾಂ ಇನ್ನೂ ಕಚ್ಚಾ ಎಂದ. ಸದಾ ಆರ್ಡರಿಗೇ ನೇಯುವ ಈ ಊರಲ್ಲಿ, ಯಾರೂ ಹೇಳದೆ ಕೇಳದೆ ಒಬ್ಬ ನೇಯುತ್ತಿದ್ದದ್ದು ಅದೊಂದನ್ನೇ. ಅದಕ್ಕೂ ಈಗ ಭಾನುವಾರದ ಗಡುವು.

ಕಾಪಾಡಿದವರು ಅಪ್ಪ. "ಅವನು ಆರ್ಡರ್ ತಗೊಳ್ಳಲ್ಲ ಸ್ವಾಮಿ. ನಮ್ಮನೇಲಿ ಒಬ್ಬನಾದ್ರೂ ತನಗೆ ಬೇಕಾದ್ದು ನೇಯ್ಕೊಳ್ಲಿ ಬಿಡಿ," ಎಂದು ಲೆಕ್ಕದ ಪುಸ್ತಕ ಮುಂದೆ ತಳ್ಳಿದರು. "ಕರೆಂಟೇನೂ ಜಾಸ್ತಿ ತಿನ್ನಲ್ಲ."